ಕೃಷ್ಣಪ್ಪನ ಸೋಪು

ಬೆಳ್ಳಿಯಪ್ಪನ ಎಡಗೈಯ ಉಂಗುರದ ಬೆರಳು ಅರ್ಧಕ್ಕೇ ಮುಗಿದಿತ್ತು. ಉಳಿದರ್ಧವನ್ನು ಸಾಹುಕಾರ ಚಂದ್ರಶೇಖರಪ್ಪನವರ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರ ನುಂಗಿ ಹತ್ತೊಂಬತ್ತು ವರ್ಷವಾಗಿತ್ತು. ಅಂದಿನಿಂದಲೂ ಅವರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ದುಡಿದವನಿಗೆ, ತೊಂಬತ್ತಾರರ ಫೆಬ್ರವರಿಯಲ್ಲಿ ಸಾಹುಕಾರರು ಕಾಫಿ ಕುಡಿಯುತ್ತಲೇ ಹೇಳಿಬಿಟ್ಟರು: "ಯುಗಾದಿಯೊಳಗೆ ಮನೆ ಖಾಲಿ ಮಾಡು. ತಂಗಿ ಮಗ ಬರ್ತಾನೆ, ಇನ್ನು ಅವನೇ ನೋಡ್ಕೊಳ್ತಾನೆ." ಬೆರಳು ಹೋದಾಗಲೂ ಬೆಳ್ಳಿಯಪ್ಪನಿಗೆ ಇಷ್ಟು ಉರಿದಿರಲಿಲ್ಲ. ಸಾಹುಕಾರರೇ ಇಲ್ಲವಾದರೆ? ಅವರ ಹೆಂಡತಿ ರುಕ್ಮಿಣಮ್ಮನವರಿಗೆ ಆ ತಂಗಿ ಮಗನನ್ನು ಕಂಡರಾಗದು. ಮನೆಯೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ.

ದಾರಿ ತೋರಿಸಿದ್ದು ಸಾಹುಕಾರರ ಹಳೆಯ ಕಾರು. ಮೂಡಿಗೆರೆಯಲ್ಲಿ ರಿಪೇರಿಯಾಗಿ, ಹೊಸ ಕಪ್ಪು ಪೇಂಟ್ ಬಳಿದುಕೊಂಡು ಬಂದ ಮೇಲೂ ಅದರ ಬ್ರೇಕ್ ಆಯಿಲ್ ತೊಟ್ಟಿಕ್ಕುತ್ತಿತ್ತು. ಮೆಕ್ಯಾನಿಕ್ ಕೃಷ್ಣಪ್ಪ ಮೂರು ದಿನ ಎಸ್ಟೇಟಿಗೇ ಬಂದು, ಕಾರಿನಡಿ ಹಳೆಯ ಪೇಪರ್ ಹಾಸಿ, ಹನಿ ಎಲ್ಲಿ ಬಿತ್ತೆಂದು ನೋಡಿ, ಒಂದೊಂದೇ ಪೈಪನ್ನು ಬೆರಳಲ್ಲಿ ಸವರುತ್ತ ಸೋರಿಕೆ ಹುಡುಕಿದ. ಟಾರ್ಚ್ ಹಿಡಿದು ನಿಂತ ಬೆಳ್ಳಿಯಪ್ಪ ಎಲ್ಲವನ್ನೂ ಕಲಿತ. ಕಾರಿನ ಮೈ ಮುಟ್ಟುವ ಮುಂಚೆ ಕೃಷ್ಣಪ್ಪ ಪ್ರತಿ ಸಲವೂ ಸೋಪು ಹಚ್ಚಿ ಕೈ ತೊಳೆಯುತ್ತಿದ್ದ.

"ಭಾರೀ ಮಡಿ ಮಾರಾಯ ನಿಂದು" ಎಂದು ಬೆಳ್ಳಿಯಪ್ಪ ನಕ್ಕ.

"ಹೊಸ ಪೇಂಟಲ್ವಾ" ಎಂದ ಕೃಷ್ಣಪ್ಪ. ಬೆಳ್ಳಿಯಪ್ಪನ ಕಣ್ಣು ಆಗಲೇ ಸೋರುತ್ತಿದ್ದ ಬ್ರೇಕ್ ಪೈಪಿನ ನಟ್ಟಿನ ಮೇಲಿತ್ತು.

ಸೋಮವಾರ ಸಾಹುಕಾರರು ಒಬ್ಬರೇ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವವರಿದ್ದರು. ಭಾನುವಾರ ಮಧ್ಯಾಹ್ನ ಆಳುಗಳು ಸಂತೆಗೆ ಹೋಗಿ, ಸಾಹುಕಾರರು ಉಂಡು ಮಲಗಿದ ಹೊತ್ತಿಗೆ ಬೆಳ್ಳಿಯಪ್ಪ ಬಾನೆಟ್ ಎತ್ತಿ, ಕೃಷ್ಣಪ್ಪ ಬಿಗಿ ಮಾಡಿದ್ದ ನಟ್ಟನ್ನು ಸಡಿಲಿಸಿದ. ಅಂಗಳದಲ್ಲಿ ಬ್ರೇಕ್ ಹಿಡಿಯಬೇಕು, ಘಾಟಿಯಲ್ಲಿ ಕೈಕೊಡಬೇಕು, ಅಷ್ಟೇ. ನೆಲದ ಹನಿಗಳ ಮೇಲೆ ಕಾಫಿ ಸಿಪ್ಪೆ ಎಳೆದ, ಸ್ಪ್ಯಾನರ್ ಒರೆಸಿಟ್ಟ, ಎಡ ಅಂಗೈ ಊರಿ ಬಾನೆಟ್ಟನ್ನು ಸದ್ದಾಗದಂತೆ ಒತ್ತಿ ಮುಚ್ಚಿದ. ಕೈ ತೊಳೆದದ್ದು ಮನೆಗೆ ಹೋದ ಮೇಲೆ. ಹಾವು ಸಾಯಬೇಕು, ಕೋಲು ಮುರಿಯಬಾರದು. ಕಾರು ಪ್ರಪಾತಕ್ಕೆ ಬಿದ್ದರೆ ಊರು ಬೈಯುವುದು ಕೃಷ್ಣಪ್ಪನ ರಿಪೇರಿಯನ್ನು. ಪಾಪ ಅನ್ನಿಸಿತು. ಆದರೂ ನಿದ್ದೆ ಚೆನ್ನಾಗಿಯೇ ಬಂತು.

ಬೆಳಿಗ್ಗೆ ಚಕ್ರಗಳಡಿ ಇಡಲು ನಾಲ್ಕು ನಿಂಬೆಹಣ್ಣು ಹಿಡಿದು ಅವನು ಶೆಡ್ಡಿಗೆ ಬಂದ. ಸಾಹುಕಾರರು ಒರೆಸುವ ಬಟ್ಟೆ ಹಿಡಿದು ಬಾನೆಟ್ ಎದುರು ನಿಂತಿದ್ದರು. ಫೋನು ಮಾಡಿ ಕರೆಸಿದ್ದ ಕೃಷ್ಣಪ್ಪ ಪಕ್ಕದಲ್ಲಿದ್ದ. "ಬ್ರೇಕ್ ಆಯಿಲ್ ಪೇಂಟನ್ನೇ ತಿಂದುಬಿಡ್ತದೆ ಸಾಹುಕಾರ್ರೆ. ಅದಕ್ಕೇ ನಾನು ಸೋಪಿಲ್ದೆ ಕಾರು ಮುಟ್ಟೋದಿಲ್ಲ" ಎನ್ನುತ್ತಿದ್ದ. ಬಾನೆಟ್ಟಿನ ಕಪ್ಪು ಪೇಂಟ್ ಸುಕ್ಕುಗಟ್ಟಿ ಎದ್ದು ಒಂದು ಅಂಗೈಯ ಗುರುತು ಮೂಡಿತ್ತು. ಸಾಹುಕಾರರು ತಿರುಗಿ ನೋಡದೆ ಹೇಳಿದರು: "ಬೆಳ್ಳಿಯಪ್ಪ, ನಿಂಬೆಹಣ್ಣು ಕೆಳಗಿಡು. ನಿನ್ನ ಎಡಗೈ ಇಲ್ಲಿಡು, ನೋಡುವ." ಆ ಗುರುತಿನಲ್ಲಿ ಉಂಗುರದ ಬೆರಳು ಅರ್ಧಕ್ಕೇ ಮುಗಿದಿತ್ತು.