ಹನ್ನೊಂದನೇ ಕಿಟಕಿ

ಚಿತ್ರ ಹರಿದಿತ್ತು!

ಬಡಾವಣೆಯ ಸಭಾಂಗಣದ ಗೋಡೆಗಳ ಮೇಲೆ, ಕ್ಯಾನ್ವಾಸ್ ಬಟ್ಟೆಯಲ್ಲಿ ಬರೆದ ನಲವತ್ತು ಚಿತ್ರಗಳಿದ್ದವು. ಎಲ್ಲಕ್ಕೂ ವಿಷಯ ಒಂದೇ — ಕಿಟಕಿ. ಹನ್ನೊಂದನೇ ನಂಬರಿನ ಚಿತ್ರದಲ್ಲಿ ಮಾತ್ರ ಬರೆದ ಕಿಟಕಿಯ ಕೆಳಗೆ ಬರೆಯದ ಇನ್ನೊಂದು ಕಿಟಕಿ ತೆರೆದುಕೊಂಡಿತ್ತು: ಗೇಣುದ್ದದ ಸೀಳು.

ಅದನ್ನು ಬರೆದವಳು ಟೈಲರ್. ಇಪ್ಪತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ನೋಡಿದ ಕಿಟಕಿ. ಬದುಕಿನಲ್ಲಿ ಬರೆದ ಮೊದಲ ಚಿತ್ರ.

"ಬೆಳಗ್ಗೆ ಎಂಟಕ್ಕೆ ಇಲ್ಲಿ ಒಬ್ಬಳೇ ಇದ್ದವಳು ಯಾರು?" ಟೈಲರ್ ಕಣ್ಣು ನೇರ ನಾದಿನಿಯ ಮೇಲೆ ಬಿತ್ತು.

ನಾದಿನಿ ಶಾಲೆಯ ಡ್ರಾಯಿಂಗ್ ಟೀಚರ್. ಅವಳ ಚಿತ್ರವೂ ಸ್ಪರ್ಧೆಯಲ್ಲಿತ್ತು. "ನಾನೇ ಅತ್ತಿಗೆ. ನನ್ನ ಚಿತ್ರ ನೆಟ್ಟಗಿದೆಯಾ ನೋಡೋಕೆ ಬಂದಿದ್ದೆ."

"ನನ್ನ ಕಿಟಕಿ ಸೊಟ್ಟ ಅಂದವಳೂ ನೀನೇ!"

"ಸೊಟ್ಟ ಅಂದೆ. ಸೀಳ್ತೀನಿ ಅಂದೆನಾ?"

ಚಿತ್ರಗಳನ್ನೆಲ್ಲ ಗೋಡೆಗೆ ಹಾಕಿದ್ದ ಫ್ರೇಮ್ ಅಂಗಡಿಯವನು ಮೆಲ್ಲಗೆ ಬಾಯಿ ಹಾಕಿದ. "ಟೀಚರ್ ಚೀಲದಲ್ಲಿ ಯಾವಾಗಲೂ ಬ್ಲೇಡ್ ಇರುತ್ತೆ..."

"ಪೆನ್ಸಿಲ್ ಚೂಪು ಮಾಡೋಕೆ!" ಟೀಚರ್ ಬ್ಲೇಡ್ ತೆಗೆದು ಮೇಜಿನ ಮೇಲಿಟ್ಟಳು. ಇಡಬಾರದಿತ್ತು. ಈಗ ಎಲ್ಲರೂ ಅದನ್ನೇ ನೋಡತೊಡಗಿದರು.

ಬಡಾವಣೆ ಸಂಘದ ಕಾರ್ಯದರ್ಶಿ ಗಡಿಯಾರ ನೋಡಿದರು. ಹತ್ತೂಕಾಲು. ತೀರ್ಪುಗಾರರು ಬರುವುದು ಹನ್ನೊಂದಕ್ಕೆ. "ಅನುಮಾನ ಇದ್ದವರ ಚಿತ್ರ ಬೇಡಮ್ಮ. ಇಳಿಸಿಬಿಡೋಣ."

ಟೀಚರ್ ತನ್ನ ಚಿತ್ರದತ್ತ ನೋಡಿದಳು. ಚಿತ್ರ ಇಳಿದರೆ ಇಳಿಯಲಿ — ನಾಳೆ ಅತ್ತಿಗೆಯ ಮನೆಯ ಮೆಟ್ಟಿಲು ಹತ್ತುವುದು ಹೇಗೆ?

"ಅನುಮಾನ ಬೇಡಮ್ಮ, ಇಳಿಸಿಬಿಡೋಣ!" ಥೇಟ್ ಕಾರ್ಯದರ್ಶಿಯ ದನಿ. ಆದರೆ ಕಾರ್ಯದರ್ಶಿಯ ಬಾಯಿ ಮುಚ್ಚಿತ್ತು.

ಮೈಕಿನ ಬಳಿ ಗಿಳಿಮಾವ ನಗುತ್ತಿದ್ದರು. ನಿವೃತ್ತ ಟೆಲಿಫೋನ್ ಆಪರೇಟರ್. ಊರಿನ ಗಂಟಲುಗಳೆಲ್ಲ ಅವರ ಗಂಟಲಲ್ಲಿ ಬಾಡಿಗೆಗಿದ್ದವು.

"ಅವಸರ ಯಾಕೆ ಸ್ವಾಮಿ? ಏನಪ್ಪ ಫ್ರೇಮು, ಚಿತ್ರ ಗೋಡೆಗೆ ಹಾಕಿದ್ದು ಯಾವಾಗ?"

"ನಿನ್ನೆ ಸಂಜೆ. ಆಗ ಸರಿಯಾಗಿತ್ತು ಮಾವ."

"ಅದಕ್ಕೆ ಮೊದಲು ಬೇರೇನೂ ಮಾಡಲಿಲ್ಲವೆ?"

"ಚಿತ್ರದ ಬೆನ್ನಿನ ಕಾಗದದ ಮೇಲೆ ಬರೆದವರ ಹೆಸರಿತ್ತು. ತೀರ್ಪುಗಾರರಿಗೆ ಕಾಣಬಾರದಲ್ಲ? ಹಳೇ ಕಾಗದ ಕಿತ್ತು, ಹೊಸದು ಅಂಟಿಸಿ, ನಂಬರ್ ಹಾಕಿದೆ. ನಲವತ್ತಕ್ಕೂ ಹಾಗೇ."

ಗಿಳಿಮಾವ ಟೈಲರ್ ಕಡೆ ತಿರುಗಿದರು. "ಬಟ್ಟೆ ವಿಷಯ ನಿನಗೆ ಬಿಟ್ಟರೆ ಯಾರಿಗಮ್ಮ ಗೊತ್ತು? ಮುಟ್ಟಿ ನೋಡು. ಬ್ಲೇಡ್ ಯಾವ ಕಡೆಯಿಂದ ಬಂದಿದೆ?"

ಅವಳು ಸೀಳಿನ ಅಂಚಿಗೆ ಬೆರಳಾಡಿಸಿದಳು. ನೂಲಿನ ತುದಿಗಳೆಲ್ಲ ಅವಳತ್ತಲೇ ಚಾಚಿದ್ದವು. ಬೆರಳು ನಿಂತಿತು.

"ಹಿಂದಿನಿಂದ..."

ಗಿಳಿಮಾವ ಚಿತ್ರವನ್ನು ಇಳಿಸಿ ಬೆನ್ನು ತಿರುಗಿಸಿದರು. ಕಂದು ಕಾಗದ. ನಂಬರ್ ಹನ್ನೊಂದು. ಒಂದು ಗೀರೂ ಇರಲಿಲ್ಲ!

"ಎಲ್ಲರೂ ಮುಂದೆ ನೋಡಿದಿರಿ. ಹಿಂದೆ ಯಾರು ನೋಡಿದಿರಿ? ಕಾಗದ ಕೊಯ್ಯದೆ ಹಿಂದಿನಿಂದ ಬಟ್ಟೆ ಕೊಯ್ಯೋದು ಹೇಗೆ? ಅಂದಮೇಲೆ ಬಟ್ಟೆ ಹರಿದದ್ದು ಈ ಕಾಗದ ಅಂಟಿಸೋಕೆ ಮೊದಲು — ಟೀಚರ್ ಇಲ್ಲಿಗೆ ಬರೋಕೂ ಮೊದಲು."

ಅವರು ಕಾಗದ ಸಿಪ್ಪೆಯಂತೆ ಸುಲಿದರು. ಒಳಗೆ ಅಂಟುಪಟ್ಟಿಯೊಂದು ಅರ್ಧ ಬಿಟ್ಟು ಜೋತಾಡುತ್ತಿತ್ತು.

"ಹಳೇ ಕಾಗದ ಕೀಳುವಾಗ ನಿನ್ನ ಬ್ಲೇಡ್ ಆಳಕ್ಕಿಳಿಯಿತು. ಪಟ್ಟಿ ಹಾಕಿ ಮುಚ್ಚಿದೆ. ಬೆಳಗ್ಗೆ ಚಿತ್ರಗಳ ಮೇಲಿನ ದೀಪ ಹಚ್ಚಿದರು, ಕಾವಿಗೆ ಅಂಟು ಬಿಟ್ಟಿತು. ಸರೀನಾ?"

ಫ್ರೇಮ್ ಅಂಗಡಿಯವನು ನೆಲ ನೋಡಿದ. "ಕೈ ಜಾರಿತು ಮಾವ. ಗೊತ್ತಾದರೆ ಅಂಗಡಿಗೆ ಯಾರು ಬರ್ತಾರೆ ಅಂತ..."

"ಕೈ ಜಾರಿದ್ದಕ್ಕೆ ಕ್ಷಮೆ ಇದೆ. ನಾಲಿಗೆ ಯಾಕಪ್ಪ ಟೀಚರ್ ಕಡೆ ಜಾರಿತು?"

ಹತ್ತೂಮುಕ್ಕಾಲು. ಟೈಲರ್ ಚಿತ್ರವನ್ನು ಮಡಿಲಿಗೆ ಎಳೆದುಕೊಂಡಳು. ಸೆರಗಿಗೆ ಚುಚ್ಚಿದ್ದ ಸೂಜಿ ತೆಗೆದಳು, ದಾರ ಪೋಣಿಸಿದಳು, ಸೀಳಿಗೆ ಹೊಲಿಗೆ ಹಾಕುತ್ತ ಹೋದಳು. ಎಲ್ಲರೆದುರಿಗೆ, ಕೆಂಪು ದಾರದಲ್ಲಿ. ಗಂಟು ಬಿಗಿದು, ತಲೆ ಎತ್ತದೆ, ನಾದಿನಿಯತ್ತ ಕೈ ಚಾಚಿದಳು.

"ದಾರ ಕತ್ತರಿಸಬೇಕು. ನಿನ್ನ ಬ್ಲೇಡ್ ಕೊಡೇ."