ಕೇಳದೆ ಟ್ಯಾಗ್ ಮಾಡಬಾರದು

ಇಲೊಯ್ಲೊ ಪೇಟೆಯ ಬೇಕರಿಯಲ್ಲಿ ಬನ್ ಕಟ್ಟಿಕೊಡುತ್ತಾ ಫೋನ್ ನೋಡಿದೆ. ನನ್ನ ಹುಡುಗ ರೆನಾಂಟೆಯ ಪ್ರೊಫೈಲ್ ಫೋಟೊ ಪೂರ್ತಿ ಕಪ್ಪಗಿತ್ತು.

ನಮ್ಮಲ್ಲಿ ಹಾಗೆ ಮಾಡೋದು ಮನೇಲಿ ಸಾವಾದಾಗ. ಕೆಳಗೆ ಆಗಲೇ ಕಾಮೆಂಟುಗಳ ಸಾಲು. 'ದೇವರು ಧೈರ್ಯ ಕೊಡಲಿ.' 'ಯಾರು ಹೋದ್ರು?' 'ಅವನ ದೋಣಿ ಇನ್ನೂ ಬಂದಿಲ್ವಂತೆ.' ಅದರ ಕೆಳಗೆ, 'ಅಯ್ಯೋ ರೆನಾಂಟೆ! ಆತ್ಮಕ್ಕೆ ಶಾಂತಿ ಸಿಗಲಿ.'

ಮೀನಿಗೆ ಹೋಗುವಾಗ ಅವನು ಫೋನ್ ಮನೇಲೇ ಬಿಡ್ತಾನೆ. ಮನೆಯವರೇ ಕಪ್ಪು ಮಾಡಿದ್ದಾರೆ ಅಂದುಕೊಂಡೆ. ಕರೆ ಮಾಡಿದರೆ ಸ್ವಿಚ್ ಆಫ್. ಏಪ್ರನ್ ಬಿಚ್ಚದೆ ದಕ್ಕೆಗೆ ಓಡಿದೆ.

ಅವನಿಗೆ ಫೇಸ್‌ಬುಕ್ ಕಲಿಸಿದವಳು ನಾನೇ. "ನಿನ್ನ ಫೋಟೊಗೆ ನೀನೇ ಲೈಕ್ ಒತ್ತಬಾರದು," ಅಂದಿದ್ದೆ.

"ಮತ್ತೆ ಯಾರು ಒತ್ತಬೇಕು?"

"ನಾನಿಲ್ವಾ?"

ಆಗ ಅವನು ಓರೆಗಣ್ಣಲ್ಲಿ ನೋಡಿ, ತುಟಿ ಕಚ್ಚಿ ನಕ್ಕಿದ್ದ. ಆ ನಗು ನೋಡೋಕೆ ದಿನಕ್ಕೊಂದು ಹೊಸ ಪಾಠ ಹುಡುಕುತ್ತಿದ್ದೆ.

ಹೋದ ವಾರ ಮಹಾರಾಯ ಏನು ಮಾಡಿದ ಗೊತ್ತಾ? ದೋಣಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ ನನ್ನ ಫೋಟೊ ಹಾಕಿ, 'ನನ್ನ ಹೆಂಡತಿ ಆಗೋಳು' ಅಂತ ಬರೆದು, ನನ್ನನ್ನ ಟ್ಯಾಗ್ ಮಾಡಿದ. ಅಪ್ಪನಿಂದ ಹಿಡಿದು ದುಬೈನಲ್ಲಿರೋ ಚಿಕ್ಕಮ್ಮನವರೆಗೂ ಎಲ್ಲರೂ ನೋಡಿದರು.

"ಕೇಳದೆ ಟ್ಯಾಗ್ ಮಾಡ್ತಾರೇನೋ? ನನಗೆ ಹೇಳೋಕೆ ಮುಂಚೆ ಊರಿಗೆ ಹೇಳ್ತೀಯಾ?" ಅಂತ ಉಗಿದೆ.

ಮಾರನೇ ದಿನ ಮೆಸೇಜ್ ಬಂತು: 'ತಪ್ಪಾಯ್ತು. ಈಗ ಕೇಳ್ತೀನಿ. ನನ್ನ ಮದುವೆ ಆಗ್ತೀಯಾ?'

ಓದಿದೆ. ಸ್ವಲ್ಪ ಕಾಯಲಿ ಅಂತ ಉತ್ತರ ಕೊಡಲಿಲ್ಲ. ಓದಿದ್ದೀನಿ ಅನ್ನೋದು ಅವನಿಗೆ ಕಾಣ್ತಿತ್ತು.

ಅವನ ಮನೆ ಇರೋ ಗಿಮಾರಾಸ್ ದ್ವೀಪಕ್ಕೆ ಹೋಗೋ ದೋಣಿಯಲ್ಲಿ ಕೂತು ಟೈಪ್ ಮಾಡಿದೆ. 'ಆಗ್ತೀನಿ.' ಮತ್ತೆ, 'ಆಗ್ತೀನಿ ಕಣೋ.' 'ಒಂದ್ಸಲ ನೋಡೋ, ನಿನ್ನ ಕಾಲಿಗೆ ಬೀಳ್ತೀನಿ.' ಯಾವುದೂ ತಲುಪಲಿಲ್ಲ. ಪಕ್ಕದ ಹೆಂಗಸು ಕರ್ಚೀಫ್ ಕೊಟ್ಟಳು. ದೇವರೇ, ಅವನನ್ನ ಉಳಿಸು, ಇನ್ನು ಯಾವತ್ತೂ ಅವನನ್ನ ಕಾಯಿಸಲ್ಲ ಅಂತ ಬೇಡಿಕೊಂಡೆ.

ಅವನ ಮನೆ ಮುಂದೆ ನೀಲಿ ಟಾರ್ಪಾಲು ಕಟ್ಟಿದ್ದರು. ಕಾಫಿ, ಬಿಸ್ಕತ್ತು, ಮೂಲೆಯಲ್ಲಿ ಇಸ್ಪೀಟು. ನಮ್ಮ ಕಡೆಯ ಸಾವಿನ ಮನೆಯೇ. ಅವನಮ್ಮ ನನ್ನ ತಬ್ಬಿಕೊಂಡು, "ಜನ ಏನೇನೋ ಅಂತಾರಲ್ಲೇ ರೊವೆನಾ," ಅಂತ ಅತ್ತಳು.

ಅಷ್ಟರಲ್ಲಿ ಮರಳಿನ ಕಡೆಯಿಂದ ಯಾರೋ ಮೀನಿನ ಬಕೆಟ್ ಬಿಸಾಡಿ ಓಡಿ ಬಂದರು.

"ಅಯ್ಯೋ, ಯಾರು ಹೋದ್ರು? ಅಮ್ಮ ಎಲ್ಲಿ?"

ರೆನಾಂಟೆ! ಟಾರ್ಪಾಲು ನೋಡಿ ಅವನ ಮುಖ ಬಿಳಿಚಿಕೊಂಡಿತ್ತು.

"ನೀನೇ ಕಣೋ ಹೋಗಿದ್ದು!" ಅಂತ ಎರಡೂ ಕೈಯಲ್ಲಿ ಅವನೆದೆಗೆ ಗುದ್ದಿದೆ. ಗುದ್ದುತ್ತಲೇ ತಬ್ಬಿಕೊಂಡೆ. "ಫೋಟೊ ಯಾಕೋ ಕಪ್ಪು ಮಾಡಿದೆ? ಸತ್ತಾಗ ಮಾಡೋದು ಅದು!"

"ಅದನ್ನ ನೀನು ಹೇಳಿಕೊಡಲಿಲ್ಲವಲ್ಲ ಇಂದಾಯ್," ಅಂದ, ಮೆಲ್ಲಗೆ. ಪ್ರೀತಿಯಿಂದ ಅವನು ನನ್ನನ್ನ ಕರೆಯೋದೇ ಹಾಗೆ. "ಓದಿಯೂ ಉತ್ತರ ಕೊಡಲಿಲ್ಲ ನೀನು. ಒಳಗೆಲ್ಲ ಕತ್ತಲೆ ಅನ್ನಿಸ್ತು. ಅದನ್ನೇ ಹಾಕಿ, ಫೋನ್ ಆಫ್ ಮಾಡಿ ಹೋದೆ. ಇಂಜಿನ್ ಕೈಕೊಟ್ಟು ಲೇಟಾಯ್ತು."

ಅವನಮ್ಮ ಅಳುತ್ತಲೇ ಅವನ ಬೆನ್ನಿಗೆರಡು ಬಿಗಿದಳು. ಕಪ್ಪು ಫೋಟೊ ನೋಡಿ ಟಾರ್ಪಾಲು ಕಟ್ಟಿಸಿದ್ದ ಪಕ್ಕದ ಮನೆಯ ಪುರಿಂಗ್ ಅತ್ತೆ ಮಾತ್ರ ಕಾಫಿ ಹೀರುತ್ತಾ, "ಟಾರ್ಪಾಲು ಬಿಚ್ಚಬೇಡ್ರೋ, ಹೇಗೂ ಮದುವೆಗೆ ಬೇಕಾಗುತ್ತೆ," ಅಂದಳು.

ಅವನು ಒಳಗಿಂದ ಫೋನ್ ತಂದು ಆನ್ ಮಾಡಿದ. ನನ್ನ ಮೆಸೇಜುಗಳು ಒಂದರ ಹಿಂದೊಂದು ಟಿಂಗ್ ಟಿಂಗ್ ಅಂತ ಇಳಿದವು. ಒಂದೊಂದನ್ನೂ ಬೆರಳಿಟ್ಟು ಓದಿದ. ಓದಿ ಮುಗಿಸುವಷ್ಟರಲ್ಲಿ ಅವನ ಕಣ್ಣು ತುಂಬಿತ್ತು.

ಆಮೇಲೆ ಮೀನು ವಾಸನೆಯ ಕೈಯನ್ನ ನನ್ನ ಹೆಗಲ ಮೇಲಿಟ್ಟು, ಅತ್ತು ಊದಿಕೊಂಡ ನಮ್ಮಿಬ್ಬರ ಮುಖದ ಫೋಟೊ ತೆಗೆದ. ಪೋಸ್ಟ್ ಮಾಡೋ ಮುಂಚೆ ಬೆರಳು ತಡೆದು ನನ್ನ ಕಡೆ ನೋಡಿದ.

"ಇಂದಾಯ್, ಟ್ಯಾಗ್ ಮಾಡ್ಲಾ?"

"ಮಾಡು," ಅಂದೆ, ಒಂದು ಕ್ಷಣವೂ ಕಾಯಿಸದೆ.