ಮುಚ್ಚಳದ ಮೇಲೊಂದು ಕೆಂಪು ಗೆರೆ

ಮತ್ತೆ ಅದೇ ಬೂಟುಗಳು ಬಂದವು.

ಅವಳು ಇನ್ಯಾರದೋ ಕಾರಿನ ಕೆಳಗೆ ಮಲಗಿದ್ದಳು. ಅಲ್ಲಿಂದ ಅವಳಿಗೆ ಜಗತ್ತು ಕಾಣುವುದು ಮೊಣಕಾಲಿನವರೆಗೆ ಮಾತ್ರ. ಈ ಬೂಟುಗಳನ್ನು ಗುರುತಿಸಲು ಅಷ್ಟೇ ಸಾಕಿತ್ತು. ಕಂದು ಬಣ್ಣ, ಹೊಲಿಗೆಯ ಸಂದಿನಲ್ಲೆಲ್ಲ ಹಿಟ್ಟು, ಎಡಗಾಲಿನ ಲೇಸು ಸದಾ ಬಿಚ್ಚಿಕೊಂಡು ನೆಲ ಗುಡಿಸುತ್ತಿರುತ್ತದೆ. ಹಿಂದೆಯೇ ಬಿಸಿ ಬ್ರೆಡ್ಡಿನ ವಾಸನೆ.

ಬೇಕರಿಯವನು. ಒಂದು ತಿಂಗಳಲ್ಲಿ ಮೂರನೇ ಸಲ.

ಅವಳ ಎದೆ ಹಿಗ್ಗಿತು, ಹಿಗ್ಗಿದ ಹಾಗೆಯೇ ಕುಸಿಯಿತು. ಅವನು ಬಂದದ್ದು ಖುಷಿ. ಅವನ ಕಾರು ಬಂದದ್ದು ಮಾನ ಹೋಗುವ ಸಂಗತಿ.

"ಮತ್ತೆ ಕಾಯ್ತಾ ಇದೆ ಅಣ್ಣಾ," ಎಂದ ಅವನು, ಗ್ಯಾರೇಜಿನ ಯಜಮಾನನಾದ ಅವಳ ಅಣ್ಣನಿಗೆ. "ಅರ್ಧ ಅಂಗಡಿಗಳಿಗೆ ಬ್ರೆಡ್ ಹಾಕೋಷ್ಟರಲ್ಲಿ ಬಿಸಿ ತೋರ್ಸೋ ಮುಳ್ಳು ಕೆಂಪಿಗೆ ಹೋಗಿ ಕೂತಿತ್ತು. ಬೇಕರಿಗೆ ಒಂದು ಓವನ್ ಸಾಲದು ಅಂತ ಎರಡನೇದನ್ನ ಬೀದೀಲಿ ಓಡಿಸ್ತಾ ಇದೀಯ ಅಂತಾರೆ ನಮ್ಮತ್ತೆ."

"ನಿಮ್ಮ ಕಾರಿಗೆ ವಯಸ್ಸಾಯ್ತು."

"ನಮ್ಮತ್ತೆಗೂ ಆಯ್ತು. ಅವರು ಇಷ್ಟು ಬಿಸಿ ಆಗಲ್ಲ."

ಕೆಳಗೆ ಅವಳು ತುಟಿ ಕಚ್ಚಿ ನಗು ತಡೆದಳು. ಮೇಜಿನ ಮೇಲೆ ಕಾಗದದ ಪೊಟ್ಟಣ ಇಟ್ಟ ಸದ್ದಾಯಿತು. ಹೋದ ಎರಡು ಸಲವೂ ಅದೇ ಸದ್ದು ಕೇಳಿದ್ದಳು. ಅಣ್ಣನಿಗೆ ಎಷ್ಟು ಉಪಚಾರ ಮಾಡುತ್ತಾನಪ್ಪ ಇವನು ಅಂದುಕೊಂಡಳು. ಕೆಲಸ ಮಾಡುವವಳು ಒಬ್ಬಳು, ಪೊಟ್ಟಣ ಇನ್ನೊಬ್ಬರಿಗೆ.

ಬೂಟುಗಳು ಬಾಗಿಲಾಚೆ ಬೆಂಚಿನ ಕಡೆ ಹೋದವು. ಅಣ್ಣನ ಚಪ್ಪಲಿಗಳು ಅವಳ ತಲೆಯ ಹತ್ತಿರ ಬಂದು ನಿಂತವು.

"ಪುಟ್ಟಿ, ಹೊರಗೆ ಬಾ."

ಗಾಲಿ ಹಲಗೆಯ ಮೇಲೆ ಜಾರಿ ಹೊರಬಂದಳು.

"ಕೇಳಿಸ್ತಾ? ಮೂರನೇ ಸಲ. ನೀರು ಬಸಿದೆ, ತೊಳೆದೆ, ಹೊಸ ಕೂಲಂಟ್ ತುಂಬಿದೆ ಅಂತೀಯ. ಕಾರು ಮಾತ್ರ ತವರಿಗೆ ಬಂದ ಹಾಗೆ ಬರ್ತಾನೇ ಇದೆ. ಇದೇ ಕೊನೆ. ಇನ್ನೊಂದ್ಸಲ ಬಂದ್ರೆ ಸ್ಪ್ಯಾನರ್ ಕೆಳಗಿಡು. ಕೆಲಸಕ್ಕೆ ಬೇರೆಯವರನ್ನ ನೋಡ್ತೀನಿ. ನೀನು ಮುಂದೆ ಕೂತು ಫೋನ್ ಎತ್ತು, ಬಂದವರನ್ನ ಮಾತಾಡ್ಸು."

"ಅಣ್ಣಾ..."

"ಅಣ್ಣನೂ ಇಲ್ಲ, ತಮ್ಮನೂ ಇಲ್ಲ." ಅವನು ಬಿಡಿಭಾಗದ ಅಂಗಡಿಗೆ ಹೊರಟುಹೋದ.

ಬಂದವರನ್ನ ಮಾತಾಡಿಸು! ಅದಕ್ಕಿಂತ ಬಾವಿಗೆ ತಳ್ಳುವುದು ವಾಸಿ. ಎಂಟನೇ ತರಗತಿಯಲ್ಲಿ ಶಾಲೆ ಬಿಟ್ಟಾಗ ಅವಳಿಗೆ ಆಗಿದ್ದ ದೊಡ್ಡ ನೆಮ್ಮದಿಯೆಂದರೆ ಇನ್ನು ಎದ್ದು ನಿಂತು ಉತ್ತರ ಹೇಳಬೇಕಾಗಿಲ್ಲ ಎಂಬುದು. ಇಂಜಿನ್ನುಗಳು ಪ್ರಶ್ನೆ ಕೇಳುವುದಿಲ್ಲ. ಅವು ಗೊಣಗುತ್ತವೆ, ಸೋರುತ್ತವೆ, ಕಾಯುತ್ತವೆ. ನೋಡುತ್ತಾ ಕೂತರೆ ಎಲ್ಲ ತಾವಾಗಿಯೇ ಹೇಳುತ್ತವೆ.

ಈ ಒಂದು ಇಂಜಿನ್ ಮಾತ್ರ ಮೂರು ಸಲದಿಂದ ಅವಳ ಹತ್ತಿರ ಸುಳ್ಳು ಹೇಳುತ್ತಿತ್ತು.

ಬಾನೆಟ್ ಎತ್ತಿದಳು. ಬಿಸಿ ಮುಖಕ್ಕೆ ರಾಚಿತು. ಈಗ ರೇಡಿಯೇಟರಿನ ಮುಚ್ಚಳ ಮುಟ್ಟುವಂತಿಲ್ಲ. ಬಿಸಿಯಲ್ಲಿ ತೆರೆದರೆ ಕುದಿಯುವ ನೀರು ಚಿಮ್ಮಿ ಕೈ ಸುಟ್ಟುಹೋಗುತ್ತದೆ. ಒಂದು ಗಂಟೆ ಕಾಯಬೇಕು. ಸಿಟ್ಟು ಬಂದಾಗ ಕಾಯುವಷ್ಟು ಕಷ್ಟದ ಕೆಲಸ ಬೇರೊಂದಿಲ್ಲ. ಒಂದೇ ಸ್ಪ್ಯಾನರನ್ನು ನಾಲ್ಕು ಸಲ ಒರೆಸಿದಳು. ಬೆಂಚಿನ ಮೇಲಿದ್ದವನು ಒಳಗೆ ಇಣುಕಿದ್ದು ಗೊತ್ತಾಯಿತು. ತಲೆ ತಗ್ಗಿಸಿ ಐದನೇ ಸಲ ಒರೆಸಿದಳು.

ಇಂಜಿನ್ ತಣಿದ ಮೇಲೆ ಬಗ್ಗಿ ರೇಡಿಯೇಟರಿನ ಮುಚ್ಚಳ ನೋಡಿದಳು. ನೋಡಿದವಳು ಹಾಗೇ ನಿಂತಳು.

ಹೋದ ಸಲ ಕೆಲಸ ಮುಗಿಸಿದ ಮೇಲೆ ಮುಚ್ಚಳದಿಂದ ರೇಡಿಯೇಟರಿನ ಕುತ್ತಿಗೆಯವರೆಗೆ ನೇಲ್ ಪಾಲಿಶ್‌ನಲ್ಲಿ ಒಂದು ಕೆಂಪು ಗೆರೆ ಎಳೆದಿದ್ದಳು. ಎರಡನೇ ಸಲ ಬಂದ ಕಾರಿನಲ್ಲಿ ತಾನು ಬಿಗಿಮಾಡಿದ್ದಕ್ಕೆಲ್ಲ ಹಾಗೊಂದು ಗೆರೆ ಹಾಕುವುದು ಅವಳ ರೂಢಿ. ಯಾರಾದರೂ ಬಿಚ್ಚಿದರೆ ಗೆರೆ ತಪ್ಪುತ್ತದೆ. ಈಗ ಮೇಲಿನ ತುಂಡು ಒಂದು ಕಡೆ ಇತ್ತು, ಕೆಳಗಿನ ತುಂಡು ಇನ್ನೊಂದು ಕಡೆ.

ಯಾರೋ ತೆರೆದಿದ್ದಾರೆ!

ಕೆಳಗೆ ಟ್ರೇ ಇಟ್ಟು ಬಸಿಯುವ ತಿರುಪು ಸಡಿಲಿಸಿದಳು. ಇಂಜಿನ್ ತಣ್ಣಗಿಡುವ ಹಸಿರು ಕೂಲಂಟ್ ದ್ರವ ಸುರಿಯಬೇಕಾದ ಕಡೆ ಮಂದವಾದ, ಬಿಳಿಚಿಕೊಂಡ ಗಂಜಿಯಂಥದ್ದು ಲೊಳ್ ಲೊಳ್ ಎಂದು ಇಳಿಯಿತು. ಹೋದ ಸಲವೂ ನೀರು ಬೆಳ್ಳಗಿತ್ತು. ಹಳೆಯ ಕಿಟ್ಟ ಎಂದು ಒಂದೇ ಸಲ ತೊಳೆದು ಬಿಟ್ಟಿದ್ದಳು. ಈಗ ಬೆರಳಿಗೆ ಹಚ್ಚಿಕೊಂಡು ಉಜ್ಜಿದಳು. ಅಂಟು. ಪೋಸ್ಟರ್ ಹಚ್ಚುವ ಗೋಂದಿನ ಹಾಗೆ. ಮೂಗಿನ ಹತ್ತಿರ ತಂದಳು.

ಅಯ್ಯೋ ದೇವರೇ. ಇದು ಹಿಟ್ಟು!

ಆಮೇಲೆ ನಡೆದದ್ದು ಹೇಗೆ ನಡೆಯಿತೋ ಅವಳಿಗೇ ತಿಳಿಯಲಿಲ್ಲ. ಟ್ರೇ ಎತ್ತಿಕೊಂಡು ಬಾಗಿಲಿಗೆ ಹೋಗಿ, ಬೆಂಚಿನ ಮುಂದೆ ಕುಕ್ಕಿದಳು.

"ಇದೇನು?"

ಅವನು ಎದ್ದು ನಿಂತ. ಬೂಟುಗಳ ಮೇಲೆ ಇಂಥ ಮುಖ ಇರಬಹುದೆಂದು ಅವಳು ಊಹಿಸಿರಲಿಲ್ಲ. ಊಹಿಸಿದ್ದಕ್ಕಿಂತ ಸಾದಾ; ಕಣ್ಣು ಮಾತ್ರ, ಆಗಷ್ಟೇ ಎದ್ದ ಮಗುವಿನ ಕಣ್ಣು. ರೆಪ್ಪೆಯ ಮೇಲೂ ಒಂದು ಚೂರು ಹಿಟ್ಟು.

"ಕೇಳಿದ್ದು ನಿಮ್ಮನ್ನೇ. ಮುಚ್ಚಳ ತೆಗೆದವರು ಯಾರು?"

"ನಾನೇ," ಎಂದ ಅವನು. "ಇಲ್ಲಿಂದ ತಗೊಂಡು ಹೋದ ಮಾರನೇ ಬೆಳಿಗ್ಗೆ ನೋಡಿದ್ರೆ ಎರಡು ಬೆರಳು ಕಡಿಮೆ ಆಗಿತ್ತು. ಎರಡು ಸಲವೂ ಹಾಗೇ ಆಯ್ತು. ಕೈಗೆ ಸಿಕ್ಕ ಬಕೆಟ್ಟಿಂದ ಒಂದು ಚೊಂಬು ಹಾಕ್ದೆ."

"ಯಾವ ಬಕೆಟ್?"

ಅವನು ಯೋಚಿಸಿದ. ಯೋಚಿಸಿದಂತೆ ಮುಖ ಬಾಡಿತು.

"ಹಿಟ್ಟು ನಾದಿದ ಮೇಲೆ ಕೈ ತೊಳೆಯೋ ಬಕೆಟ್ಟು."

"ಬಿಸಿ ನೀರಲ್ಲಿ ಹಿಟ್ಟು ಬೆಂದ್ರೆ ಏನಾಗುತ್ತೆ ಅಂತ ನಾನು ನಿಮಗೆ ಹೇಳ್ಕೊಡಬೇಕಾ?"

"ಬೇಡ," ಅವನು ಟ್ರೇ ನೋಡಿದ. "ಚೆನ್ನಾಗೇ ಬೆಂದಿದೆ."

"ನಗಬೇಡಿ! ಬ್ರೆಡ್ ಉಬ್ಬುವಾಗ ಓವನ್ ಬಾಗಿಲು ತೆಗೀತೀರಾ?"

"ತೆಗೆದ್ರೆ ನಮ್ಮತ್ತೆ ಕೈ ಮುರೀತಾರೆ."

"ಮತ್ತೆ ಇದನ್ನ ಯಾಕೆ ತೆಗೆದ್ರಿ? ನಿಮ್ಮಿಂದ ನನ್ನ ಕೆಲಸ ಹೋಗ್ತಾ ಇದೆ, ಗೊತ್ತಾ? ಎರಡು ಬೆರಳು ಇಳಿಯೋದು ಸಹಜ. ಒಳಗೆ ಸಿಕ್ಕಿಕೊಂಡ ಗಾಳಿ ಮೊದಲ ಓಡಾಟದಲ್ಲಿ ಹೊರಗೆ ಬರುತ್ತೆ. ಮಾರನೇ ದಿನ ನೋಡಿ, ಕಡಿಮೆ ಆಗಿದ್ರೆ ಕೂಲಂಟೇ ಹಾಕಬೇಕು, ಅಷ್ಟೇ..."

"ನನಗೆ ಯಾರೂ ಹೇಳ್ಲಿಲ್ವಲ್ಲ."

ಅವಳ ಕಣ್ಣು ಟ್ರೇ ಕಡೆ ಇಳಿಯಿತು.

ಹೌದು. ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಎರಡು ಸಲವೂ ಅವನ ಬೂಟುಗಳು ಹೊರಡುವುದನ್ನು ನೋಡುತ್ತಾ ಕಾರಿನ ಕೆಳಗೇ ಮಲಗಿದ್ದಳು. ಮಾತು ಗಂಟಲಿನವರೆಗೆ ಬಂದಿತ್ತು. ಬಿಡು, ಅಣ್ಣ ಹೇಳುತ್ತಾನೆ ಎಂದು ನುಂಗಿಕೊಂಡಿದ್ದಳು. ಅಣ್ಣನಿಗೂ ಹೇಳಿರಲಿಲ್ಲ.

"ತಪ್ಪು ನಂದೂ ಇದೆ," ಎಂದಳು.

"ಹಾಗಾದ್ರೆ ಇಬ್ಬರೂ ತೊಳೆಯೋಣ," ಎಂದು ಅವನು ತೋಳು ಮಡಚಿದ.

ಇಡೀ ಮಧ್ಯಾಹ್ನ ತೊಳೆದರು. ಮೇಲಿನ ರಬ್ಬರ್ ಹೋಸ್ ಬಿಚ್ಚಿದಳು. ಇಂಜಿನ್ ಬಿಸಿಯಾದ ಮೇಲಷ್ಟೇ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲನ್ನು ಕಿತ್ತು ತೆಗೆದಳು; ಅದಕ್ಕೆ ಹಿಟ್ಟು ಮೆತ್ತಿಕೊಂಡು ಕಡುಬಿನಂತಾಗಿತ್ತು. ಅದನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜುವ ಕೆಲಸ ಅವನಿಗೆ ಕೊಟ್ಟಳು. ರೇಡಿಯೇಟರಿಗೆ ಕೆಳಗಿನಿಂದ ಮೇಲಕ್ಕೆ ಪೈಪಿನಲ್ಲಿ ನೀರು ಹಾಯಿಸಿದಳು. ಬೆಳ್ಳಗೆ ಬಂತು. ಮತ್ತೆ ಹಾಯಿಸಿದಳು. ಬೆಳ್ಳಗೆ. ಎಲ್ಲ ಮತ್ತೆ ಜೋಡಿಸಿ, ತೊಳೆಯುವ ದ್ರಾವಣ ಹಾಕಿ, ಇಂಜಿನ್ ಓಡಿಸಿ, ತಣಿಸಿ, ಬಸಿದಳು. ಇನ್ನೂ ಬೆಳ್ಳಗೆ!

"ಥೂ!" ಎಂದು ಪೈಪನ್ನು ನೆಲಕ್ಕೆ ಬಿಸಾಡಿದಳು. ಅದು ಹಾವಿನಂತೆ ಹೊರಳಿ ಇಬ್ಬರನ್ನೂ ನೆನೆಸಿತು.

ಅವನು ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದ, "ನೀವು ಇಷ್ಟು ಮಾತಾಡ್ತೀರಿ ಅಂತ ಗೊತ್ತಿರ್ಲಿಲ್ಲ."

"ನಾನು ಇದೀನಿ ಅಂತಾನೇ ಗೊತ್ತಿರ್ಲಿಲ್ಲ ನಿಮಗೆ."

"ಗೊತ್ತಿತ್ತು. ಕಾರಿನ ಕೆಳಗಿಂದ ಒಂದು ಕೈ ಬರುತ್ತೆ, ಸ್ಪ್ಯಾನರ್ ತಡಕಾಡಿ ತಗೊಂಡು ಒಳಗೆ ಹೋಗುತ್ತೆ. ಕಿರುಬೆರಳಿಗೆ ಮಾತ್ರ ಕೆಂಪು ಬಣ್ಣ. ಹೋದ ಸಲ ಮನೆಗೆ ಹೋಗಿ ಬಾನೆಟ್ ಎತ್ತಿದ್ರೆ ಮುಚ್ಚಳದ ಮೇಲೂ ಅದೇ ಕೆಂಪು."

ಅವಳು ಕೈಯನ್ನು ಬೆನ್ನ ಹಿಂದೆ ಅಡಗಿಸಿದಳು. ನೇಲ್ ಪಾಲಿಶ್‌ನ ಬ್ರಶ್ ಒಣಗಿದೆಯೋ ಎಂದು ನೋಡಲು ಅದನ್ನು ಕಿರುಬೆರಳಿಗೆ ಒಂದು ಸಲ ಎಳೆಯುತ್ತಿದ್ದಳು, ಅಷ್ಟೇ.

"ಮೂರು ಸಲ ಬನ್ ತಂದೆ, ಕೆಳಗೆ ಕೆಲಸ ಮಾಡೋರಿಗೆ ಅಂತ ನಿಮ್ಮಣ್ಣನ ಕಿವೀಲಿ ಹೇಳಿ ಕೊಟ್ಟೆ," ಅವನ ದನಿಯಲ್ಲಿ ಈಗ ಸಣ್ಣ ಮುನಿಸಿತ್ತು. "ಚೆನ್ನಾಗಿತ್ತು ಅನ್ನೋ ಒಂದು ಮಾತಿಲ್ಲ."

"ಯಾವ ಬನ್?"

ಅದೇ ಹೊತ್ತಿಗೆ ಅಣ್ಣ ಒಳಗೆ ಬಂದ. ಇಬ್ಬರೂ ಅವನ ಕಡೆ ತಿರುಗಿದರು. ಅವನ ಮೀಸೆಯಲ್ಲಿ ಎರಡು ಎಳ್ಳಿನ ಕಾಳು ಸಾಕ್ಷಿ ಹೇಳುತ್ತಿದ್ದವು.

"ಯಾಕೆ ಹಾಗೆ ನೋಡ್ತೀರಿ?"

"ಕೆಳಗೆ ಕೆಲಸ ಮಾಡೋರ ಬನ್ ಎಲ್ಲಿ ಅಣ್ಣಾ?" ಎಂದಳು ಅವಳು.

"ಅದೂ... ಬಿಸಿ ಆರಿಹೋಗುತ್ತಲ್ಲ ಅಂತ..." ಅಣ್ಣ ಮೀಸೆ ಒರೆಸಿಕೊಂಡ. "ಕಾರು ಏನಾಯ್ತು?"

ಅವಳು ಬೆನ್ನು ನೆಟ್ಟಗೆ ಮಾಡಿ ಎಲ್ಲ ಹೇಳಿದಳು. ಹಿಟ್ಟಿನ ನೀರು, ತಾನು ಹೇಳದೆ ಬಿಟ್ಟ ಮಾತು, ಒಂದೇ ಸಲ ತೊಳೆದ ಆತುರ, ಯಾವುದನ್ನೂ ಮುಚ್ಚಿಡಲಿಲ್ಲ. ಇಷ್ಟುದ್ದ ಮಾತನ್ನು ಅಣ್ಣ ಅವಳ ಬಾಯಿಂದ ಕೇಳಿದ್ದು ಅದೇ ಮೊದಲು.

"ಸರಿ, ಮುಗಿಸು," ಎಂದ. "ಆದ್ರೆ ಹೇಳಿದ್ದು ಹೇಳಿದ್ದೇ. ನಾಲ್ಕನೇ ಸಲ ಈ ಕಾರು ಬಾಗಿಲಿಗೆ ಬರಬಾರದು."

ಆರನೇ ಸಲದ ನೀರು ತಿಳಿಯಾಗಿ ಬಂತು. ಅರ್ಧ ಕೂಲಂಟ್, ಅರ್ಧ ಶುದ್ಧ ನೀರು ಬೆರೆಸಿ ನಿಧಾನ ಸುರಿದಳು. ಅವನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ಒಳಗೆ ಸಿಕ್ಕ ಗಾಳಿ ಹೊರಬರಲೆಂದು ಹೀಟರ್ ಪೂರ್ತಿ ಹಾಕಿಸಿದಳು. ಅವಳು ಕೈ ಎತ್ತಿದರೆ ಅವನು ಆಕ್ಸಿಲರೇಟರ್ ಒತ್ತಬೇಕು, ಇಳಿಸಿದರೆ ಬಿಡಬೇಕು. ಎತ್ತಿದ ಬಾನೆಟ್ಟಿನ ಸಂದಿನಿಂದ ಅವನಿಗೆ ಅವಳ ಕೈ ಮಾತ್ರ ಕಾಣುತ್ತಿತ್ತು. ಅವಳಿಗೆ ಅವನ ಕಣ್ಣು ಮಾತ್ರ. ಅವು ಮುಳ್ಳನ್ನು ನೋಡಬೇಕಾದವು, ಕಿರುಬೆರಳನ್ನು ನೋಡುತ್ತಿದ್ದವು.

"ಮುಳ್ಳು ನೋಡಿ!"

"ನೋಡ್ತಾನೇ ಇದೀನಿ."

"ಎಲ್ಲಿದೆ?"

"ಅದೂ... ತಡೀರಿ, ನಡುವೆ!"

ಹೋಸನ್ನು ಹಿಂಡಿದಳು. ಗುಳುಗುಳು ಎಂದು ಗುಳ್ಳೆಗಳು ಎದ್ದವು. ಒಂದು ದೊಡ್ಡ ಗುಳ್ಳೆ, ಬಹಳ ದಿನದಿಂದ ತಡೆದಿದ್ದ ಮಾತಿನಂತೆ, ಮೇಲೆ ಬಂದು ಒಡೆಯಿತು. ಫ್ಯಾನ್ ತಾನಾಗಿ ತಿರುಗಿ ನಿಂತಿತು. ಮುಳ್ಳು ನಡುವೆಯೇ ಉಳಿಯಿತು. ಮುಚ್ಚಳ ಬಿಗಿಮಾಡಿ ಹೊಸ ಗೆರೆ ಎಳೆದಳು.

"ನಾಳೆ ಬೆಳಿಗ್ಗೆ ಮತ್ತೆ ಎರಡು ಬೆರಳು ಇಳೀಬಹುದು," ಎಂದಳು. "ನೋಡಬೇಕು."

"ತಗೊಂಡು ಬರ್ತೀನಿ." ಅಂದವನೇ ಅವನು ನಾಲಿಗೆ ಕಚ್ಚಿಕೊಂಡ. "ನಾಲ್ಕನೇ ಸಲ..."

"ಅದಕ್ಕಲ್ಲ. ತಣ್ಣಗಿರುವಾಗ್ಲೇ ನೋಡಬೇಕು. ಇಲ್ಲಿವರೆಗೆ ಓಡಿಸಿದ್ರೆ ಬಿಸಿ ಆಗುತ್ತೆ." ಮತ್ತೆ ಒಂದು ಮಾತು ನಾಲಿಗೆಯವರೆಗೆ ಬಂತು. ಈ ಸಲ ನುಂಗಲಿಲ್ಲ. "ನಾನೇ ಅಲ್ಲಿಗೆ ಬರ್ತೀನಿ."

ಅವನು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತ. ಹೊರಡಬೇಕೆಂಬುದೂ ನೆನಪಾಗಲಿಲ್ಲ.

"ಮತ್ತೆ, ಆ ಎಡಗಾಲಿನ ಲೇಸು ಕಟ್ಕೊಳ್ಳಿ," ಎಂದಳು ಸಿಡಿಮಿಡಿಯಿಂದ. "ಒಂದು ತಿಂಗಳಿಂದ ನೋಡಿ ನೋಡಿ ಸಾಕಾಗಿದೆ."

ಅವನು ಬಗ್ಗಿ ಲೇಸು ನೋಡಿದ. ಮೇಲೆದ್ದಾಗ ಕಿವಿ ಕೆಂಪಾಗಿತ್ತು. "ಒಂದು ತಿಂಗಳಿಂದ?"

ಅವಳು ಆಗಲೇ ಹಲಗೆಯ ಮೇಲೆ ಮಲಗಿ ಪಕ್ಕದ ಕಾರಿನ ಕೆಳಗೆ ಜಾರಿಕೊಂಡಿದ್ದಳು.

ಮರುದಿನ, ಓವನ್ನುಗಳು ಉರಿಯುತ್ತಿದ್ದರೂ ಬೀದಿ ಇನ್ನೂ ಏಳದ ಹೊತ್ತಿನಲ್ಲಿ, ಅವಳು ಕೂಲಂಟಿನ ಬಾಟಲಿ ಹಿಡಿದು ಬೇಕರಿಯ ಹಿಂಬಾಗಿಲಿಗೆ ಹೋದಳು. ಕಾರು ತಣ್ಣಗೆ ನಿಂತಿತ್ತು. ಬಾನೆಟ್ ಎತ್ತಿದಳು. ಮುಚ್ಚಳದ ಗೆರೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ತೆರೆದಳು. ಎರಡು ಬೆರಳು ಇಳಿದಿತ್ತು. ತುಂಬಿಸಿ ಮುಚ್ಚಿದಳು.

ಹಿಂದೆ ಹೆಜ್ಜೆ ಸದ್ದಾಯಿತು. ತಿರುಗುವ ಮೊದಲು ಅವಳು ರೂಢಿಯಂತೆ ಕೆಳಗೆ ನೋಡಿದಳು. ಅದೇ ಕಂದು ಬೂಟು, ಅದೇ ಹಿಟ್ಟು. ಎಡಗಾಲಿನ ಲೇಸಿಗೆ ಒಂದಲ್ಲ, ಎರಡಲ್ಲ, ಮೂರು ಗಂಟು.

"ಬಿಸಿ ಇದೆ," ಎಂದು ಅವನು ಪೊಟ್ಟಣ ಚಾಚಿದ. "ಅಣ್ಣನ ಕೈಗೆ ಕೊಡಲ್ಲ. ಇಲ್ಲೇ, ನನ್ನೆದುರಿಗೇ ತಿನ್ನಿ."

ಅವಳು ಮೊದಲ ತುತ್ತು ತಿಂದಳು. ಅವನು ಉಸಿರು ಹಿಡಿದು ಕಾಯುತ್ತಿದ್ದ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ.

"ಚೆನ್ನಾಗಿದೆ," ಎಂದಳು ಅವಳು, ತಲೆ ಎತ್ತಿ, ನೇರ ಅವನ ಕಣ್ಣನ್ನೇ ನೋಡಿ.